ಮೀನಿಂಗ್, ಸಿನೋನಿಮ್, ವರ್ಡ್ ಫಾರ್ಮ್: ಇಂಗ್ಲಿಷ್ ಪದ ಕಲಿಯೋಕೆ ಯಾರಿಗೆ ಯಾವ ದಾರಿ?

ಇಂಗ್ಲಿಷ್ ವೊಕ್ಯಾಬುಲರಿ ಹೆಚ್ಚಿಸಿಕೊಳ್ಳಬೇಕು ಅಂತ ಹೊರಟವರ ಮುಂದೆ ಮೂರು ದಾರಿ ಇರುತ್ತವೆ. ಒಂದು, ಡಿಕ್ಷನರಿ ತೆಗೆದು ಪದದ ಅರ್ಥ ಓದಿ ಕಲಿಯುವುದು. ಎರಡು, ಒಂದು ಪದಕ್ಕೆ ಇರುವ ಐದಾರು ಸಿನೋನಿಮ್‌ಗಳನ್ನು, ಅಂದರೆ ಹೆಚ್ಚುಕಮ್ಮಿ ಅದೇ ಅರ್ಥದ ಬೇರೆ ಪದಗಳನ್ನು, ಒಟ್ಟಿಗೆ ಉರು ಹೊಡೆಯುವುದು. ಮೂರು, ಒಂದೇ ಪದದ ಬೇರೆ ಬೇರೆ ರೂಪಗಳನ್ನು ಹಿಡಿಯುವುದು, ಅಂದರೆ ಡಿಸೈಡ್, ಡಿಸಿಷನ್, ಡಿಸೈಸಿವ್, ಡಿಸೈಸಿವ್ಲಿ ಅಂತ ಇಡೀ ಕುಟುಂಬವನ್ನೇ ಒಟ್ಟಿಗೆ ಪರಿಚಯ ಮಾಡಿಕೊಳ್ಳುವುದು.

ಮೂರೂ ಮಾಡಿ ಅಂತ ಹೇಳಿಬಿಡುವುದು ಸುಲಭ. ಕೆಲಸ ಮುಗಿಸಿ ಬಂದ ಮೇಲೆ ಅರ್ಧ ಗಂಟೆ ಸಿಕ್ಕರೆ ಅದೇ ಹೆಚ್ಚು ಅನ್ನುವವರಿಗೆ ಅದು ಉತ್ತರವೇ ಅಲ್ಲ. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಮಾತಾಡುತ್ತಾ ಬೆಳೆದ ಹೆಚ್ಚಿನವರಿಗೆ ವರ್ಡ್ ಫಾರ್ಮ್ ಮೊದಲು, ಮೀನಿಂಗ್ ಅದರ ಜೊತೆಜೊತೆಗೆ, ಸಿನೋನಿಮ್ ಕೊನೆಗೆ. ಆದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳಲ್ಲಾಗಲಿ, ಧಾರವಾಡ ಮತ್ತು ವಿಜಯನಗರದ ಕೋಚಿಂಗ್ ಸೆಂಟರ್‌ಗಳ ಸುತ್ತಮುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಾಗಲಿ, ಟೆಲಿಗ್ರಾಮ್‌ನಲ್ಲಿ ಓಡಾಡುವ ಪಿಡಿಎಫ್‌ಗಳಲ್ಲಾಗಲಿ ಕಣ್ಣಿಗೆ ಬೀಳುವುದು ಸರಿಯಾಗಿ ಉಲ್ಟಾ ಕ್ರಮ. ಸಿನೋನಿಮ್ ಪಟ್ಟಿಗಳೇ ಜಾಸ್ತಿ, ವರ್ಡ್ ಫಾರ್ಮ್‌ಗೆ ಕೊನೆಯಲ್ಲಿ ಎಲ್ಲೋ ಎರಡು ಪುಟ. ಪಟ್ಟಿ ಮಾಡಿ ಅಚ್ಚು ಹಾಕೋಕೆ ಸಿನೋನಿಮ್ ಸುಲಭ, ಅಷ್ಟೇ ಕಾರಣ ಅಂತ ನನ್ನ ಅನುಮಾನ.

ಬಾಯಲ್ಲಿ ಆಗಲೇ ಇರುವ ಇಂಗ್ಲಿಷ್

ವರ್ಡ್ ಫಾರ್ಮ್ ಮೊದಲು ಅನ್ನೋಕೆ ಕಾರಣ ಇಷ್ಟೇ. ನಾವು ಕನ್ನಡ ಮಾತಾಡುವಾಗಲೇ ನೂರಾರು ಇಂಗ್ಲಿಷ್ ಪದ ಬಳಸುತ್ತೇವೆ. ಡಿಸೈಡ್ ಮಾಡಿದೆ, ಅಡ್ಜಸ್ಟ್ ಮಾಡ್ಕೊಳ್ಳಿ, ಕನ್ಫ್ಯೂಸ್ ಆಯ್ತು, ಸಿನಿಮಾ ಸಕ್ಸಸ್ ಆಯ್ತು, ಟೆನ್ಷನ್ ಆಗ್ತಿದೆ, ಅರೇಂಜ್ ಮಾಡ್ತೀನಿ, ಹುಡುಗ ಇಂಪ್ರೂವ್ ಆಗಿದ್ದಾನೆ. ನಂಗೆ ಇಂಗ್ಲಿಷ್ ಬರಲ್ಲ ಅನ್ನುವವರ ಬಾಯಲ್ಲೂ ಇವು ಸಲೀಸಾಗಿ ಬರುತ್ತವೆ. ಅಂದರೆ ಪದದ ಅರ್ಥ ಗೊತ್ತು, ಉಚ್ಚಾರಣೆ ಹೆಚ್ಚುಕಮ್ಮಿ ಗೊತ್ತು, ಎಲ್ಲಿ ಬಳಸಬೇಕು ಅನ್ನೋದೂ ಗೊತ್ತು. ಗೊತ್ತಿಲ್ಲದೇ ಇರೋದು ಒಂದೇ: ಆ ಪದದ ಉಳಿದ ರೂಪಗಳು.

ಕನ್ನಡ ಈ ಪದಗಳನ್ನು ಒಳಗೆ ಬಿಟ್ಟುಕೊಳ್ಳುವಾಗ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾವುದೋ ಒಂದು ರೂಪ ಎತ್ತಿಕೊಂಡು 'ಮಾಡು' ಅಥವಾ 'ಆಗು' ಸೇರಿಸಿದರೆ ಕೆಲಸ ಮುಗಿಯಿತು. 'ಸಕ್ಸಸ್' ನಾಮಪದ, 'ಕನ್ಫ್ಯೂಸ್' ಕ್ರಿಯಾಪದ, ಆದರೆ ಎರಡಕ್ಕೂ 'ಆಯ್ತು' ಅಂತಲೇ ಅನ್ನುತ್ತೇವೆ, ವಾಕ್ಯ ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಶುರುವಾಗೋದು ಅದೇ ಪದವನ್ನು ಇಂಗ್ಲಿಷ್ ವಾಕ್ಯಕ್ಕೆ ವಾಪಸ್ ಕಳಿಸುವಾಗ. ಆಗ 'ಹಿ ಈಸ್ ಸಕ್ಸಸ್', 'ಐ ಆಮ್ ಕನ್ಫ್ಯೂಸ್', 'ಹಿಸ್ ಫಾದರ್ ಈಸ್ ಡೆತ್' ಅನ್ನುವ ವಾಕ್ಯಗಳು ಹುಟ್ಟುತ್ತವೆ. ಇಲ್ಲಿ ಬೇಕಾಗಿದ್ದು ಸಕ್ಸೆಸ್‌ಫುಲ್, ಕನ್ಫ್ಯೂಸ್ಡ್, ಡೆಡ್. ಇಂಟರ್‌ವ್ಯೂನಲ್ಲಿ ಇಂಥ ವಾಕ್ಯ ಹೇಳಿದವರಿಗೆ ವೊಕ್ಯಾಬುಲರಿ ಕಡಿಮೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪದ ಇದೆ, ಅದರ ಸರಿಯಾದ ರೂಪ ಕೈಗೆ ಸಿಗುತ್ತಿಲ್ಲ.

ಪದಗಳನ್ನು ಎಣಿಸುವ ಸಂಶೋಧಕರೂ ಕುಟುಂಬದ ಲೆಕ್ಕದಲ್ಲೇ ಎಣಿಸುತ್ತಾರೆ. ನ್ಯೂಜಿಲೆಂಡ್‌ನ ಪಾಲ್ ನೇಷನ್ 2006ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಇಂಗ್ಲಿಷ್ ಕಾದಂಬರಿ, ದಿನಪತ್ರಿಕೆಗಳನ್ನು ಬೇರೆಯವರ ಸಹಾಯವಿಲ್ಲದೆ ಓದೋಕೆ 8,000ದಿಂದ 9,000 ವರ್ಡ್ ಫ್ಯಾಮಿಲಿ ಬೇಕು. ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ಪದಗಳ ಪಟ್ಟಿಯಲ್ಲಿ 570 ಕುಟುಂಬಗಳಿವೆ. ಕಾಲೇಜು ಮಟ್ಟದ ಪಠ್ಯಗಳಲ್ಲಿ ಬರುವ ಪದಗಳಲ್ಲಿ ಸುಮಾರು ಶೇ. 10ರಷ್ಟು ಈ ಕುಟುಂಬಗಳವೇ. ಡಿಗ್ರಿಗೆ ಬಂದ ಮೇಲೆ ಏಕಾಏಕಿ ಇಂಗ್ಲಿಷ್ ಟೆಕ್ಸ್ಟ್‌ಬುಕ್ ಎದುರಿಸಬೇಕಾದ ಕನ್ನಡ ಮೀಡಿಯಂ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ನನಗೆ ಗೊತ್ತಿಲ್ಲ. ನೆಟ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ.

ಹಾಗಂತ ಒಂದು ರೂಪ ಕಲಿತರೆ ಉಳಿದವು ತಾವಾಗಿಯೇ ಬರುತ್ತವೆ ಅಂದುಕೊಳ್ಳಬೇಡಿ. ನಾರ್ಬರ್ಟ್ ಶ್ಮಿಟ್ ಮತ್ತು ಶೆರಿಲ್ ಬಾಯ್ಡ್ ಝಿಮ್ಮರ್‌ಮನ್ 2002ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. ಇಂಗ್ಲಿಷ್ ಕಲಿಯುತ್ತಿರುವವರಿಗೆ ಒಂದು ಕುಟುಂಬದ ನಾಲ್ಕೂ ರೂಪ ಗೊತ್ತಿರುವುದು ಅಪರೂಪ, ಅದರಲ್ಲೂ ವಿಶೇಷಣ ಮತ್ತು ಕ್ರಿಯಾವಿಶೇಷಣಗಳಲ್ಲೇ ಹೆಚ್ಚು ಎಡವುತ್ತಾರೆ ಅನ್ನೋದು ಅವರಿಗೆ ಕಂಡುಬಂತು. ಹಾಗಾಗಿ ಕೂತು ಕಲಿಯಲೇಬೇಕು.

ಕಲಿಯುವಾಗ ನಿಯಮ ಹುಡುಕುತ್ತಾ ಕೂರಬೇಡಿ. 'ಇಂಪ್ರೂವ್'ಗೆ ಇಂಪ್ರೂವ್‌ಮೆಂಟ್, 'ಡಿಸ್ಕಸ್'ಗೆ ಡಿಸ್ಕಷನ್, 'ಅರೈವ್'ಗೆ ಅರೈವಲ್, 'ಫೇಲ್'ಗೆ ಫೇಲ್ಯೂರ್. ಯಾಕೆ ಹೀಗೆ ಅಂದರೆ ಹಾಗೇ ಇದೆ. ಕನ್ನಡದಲ್ಲೂ ಹಾಡುವವನು ಹಾಡುಗಾರ, ಓದುವವನು ಮಾತ್ರ ಓದುಗ. ನಮಗೆ ಯಾರೂ ನಿಯಮ ಹೇಳಿಕೊಟ್ಟಿಲ್ಲ, ಕೇಳಿ ಕೇಳಿ ಬಂತು. ಆದರೂ ಬಾಲ ನೋಡಿ ಜಾತಿ ಗುರುತಿಸೋದು ಮಾತ್ರ ಬೇಗ ಕೈಹಿಡಿಯುತ್ತದೆ. ಶನ್, ಮೆಂಟ್, ನೆಸ್, ಇಟಿ ಅಂತ ಮುಗಿದರೆ ಸಾಮಾನ್ಯವಾಗಿ ನಾಮಪದ. ಫುಲ್, ಲೆಸ್, ಇವ್, ಅಸ್ ಅಂತ ಮುಗಿದರೆ ವಿಶೇಷಣ. ಲಿ ಬಂದರೆ ಹೆಚ್ಚಿನ ಸಲ ಕ್ರಿಯಾವಿಶೇಷಣ, ಆದರೆ ಫ್ರೆಂಡ್ಲಿ, ಕಾಸ್ಟ್ಲಿ, ಲವ್ಲಿ ಇವು ಮೂರೂ ವಿಶೇಷಣಗಳು. ಖಾಲಿ ಜಾಗ ತುಂಬಿಸುವ ಪ್ರಶ್ನೆಯಲ್ಲಿ ಪದದ ಅರ್ಥವೇ ಗೊತ್ತಿಲ್ಲದಿದ್ದರೂ ಬಾಲ ನೋಡಿ ಎರಡು ಆಯ್ಕೆಗಳನ್ನು ತಳ್ಳಿಹಾಕಬಹುದು.

ಈ ದಾರಿಯಲ್ಲಿ ಗುಂಡಿಗಳೂ ಇವೆ, ಮೊದಲೇ ಗೊತ್ತಿದ್ದರೆ ಒಳ್ಳೇದು. 'ಹಾರ್ಡ್' ಅಂದರೆ ಕಷ್ಟಪಟ್ಟು, 'ಹಾರ್ಡ್ಲಿ' ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 'ಐ ವರ್ಕ್ ಹಾರ್ಡ್ಲಿ' ಅಂತ ರೆಸ್ಯೂಮೆಯಲ್ಲಿ ಬರೆದರೆ ನಾನು ಕೆಲಸ ಮಾಡೋದೇ ಕಷ್ಟ ಅಂತ ನೀವೇ ಒಪ್ಪಿಕೊಂಡ ಹಾಗೆ! 'ಎಕನಾಮಿಕ್' ಅಂದರೆ ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು, 'ಎಕನಾಮಿಕಲ್' ಅಂದರೆ ಮಿತವ್ಯಯದ್ದು. 'ಬೋರ್ಡ್' ಅಂದರೆ ನಿಮಗೆ ಬೇಜಾರಾಗಿದೆ, 'ಬೋರಿಂಗ್' ಅಂದರೆ ನಿಮ್ಮಿಂದ ಬೇರೆಯವರಿಗೆ ಬೇಜಾರಾಗುತ್ತಿದೆ. ಪದದ ಮುಂದೆ 'ಇನ್' ಬಂದರೆ ಯಾವಾಗಲೂ 'ಅಲ್ಲ' ಅಂತಲೂ ಅಲ್ಲ. ಪೆಟ್ರೋಲ್ ಟ್ಯಾಂಕರ್ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಅಂತ ಬರೆದಿದ್ದರೆ ಬೇಗ ಬೆಂಕಿ ಹತ್ತುತ್ತದೆ ಅಂತ ಅರ್ಥ. 'ಇನ್‌ವ್ಯಾಲ್ಯುಯಬಲ್' ಅಂದರೆ ಬೆಲೆಯೇ ಇಲ್ಲದ್ದಲ್ಲ, ಬೆಲೆ ಕಟ್ಟೋಕೆ ಆಗದಷ್ಟು ಅಮೂಲ್ಯವಾದದ್ದು.

ಉಚ್ಚಾರಣೆಯಲ್ಲೂ ರೂಪ ಬದಲಾದಾಗ ಒತ್ತು ಜಾಗ ಬದಲಾಯಿಸುತ್ತದೆ. 'ಫೋಟೋಗ್ರಾಫ್'ನಲ್ಲಿ ಒತ್ತು ಮೊದಲ ಅಕ್ಷರದ ಮೇಲೆ, 'ಫೊಟಾಗ್ರಫರ್'ನಲ್ಲಿ ಎರಡನೆಯದರ ಮೇಲೆ, 'ಫೋಟೊಗ್ರಾಫಿಕ್'ನಲ್ಲಿ ಮೂರನೆಯದರ ಮೇಲೆ. ಬರೀ ಕಣ್ಣಲ್ಲಿ ಓದಿ ಕಲಿತರೆ ಇದು ಗೊತ್ತೇ ಆಗುವುದಿಲ್ಲ. ಆನ್‌ಲೈನ್ ಡಿಕ್ಷನರಿಯಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿಸಿಕೊಳ್ಳಿ.

ಎಲ್ಲಿಂದ ಶುರು ಮಾಡೋದು? ಮನೆಯಲ್ಲಿ, ಆಫೀಸಿನಲ್ಲಿ ನೀವು 'ಮಾಡು', 'ಆಗು' ಸೇರಿಸಿ ಹೇಳುವ ಇಂಗ್ಲಿಷ್ ಪದಗಳನ್ನು ಒಂದು ವಾರ ಗಮನಿಸಿ ಬರೆದಿಡಿ. ಆಮೇಲೆ ಒಂದೊಂದಕ್ಕೂ ನಾಮಪದ, ಕ್ರಿಯಾಪದ, ವಿಶೇಷಣ, ಕ್ರಿಯಾವಿಶೇಷಣ ಹುಡುಕಿ. ನಾಲ್ಕೂ ಸಿಗದಿದ್ದರೆ ಪರವಾಗಿಲ್ಲ, ಎಲ್ಲ ಪದಕ್ಕೂ ನಾಲ್ಕು ರೂಪ ಇರುವುದಿಲ್ಲ. ಸಿಕ್ಕ ಪ್ರತಿ ರೂಪಕ್ಕೂ ನಿಮ್ಮದೇ ಜೀವನದ ಒಂದು ವಾಕ್ಯ ಬರೆಯಿರಿ. ಹೊಸ ಪದಗಳ ಹುಡುಕಾಟ ಆಮೇಲೆ ಇಟ್ಟುಕೊಳ್ಳಿ.

ಮೀನಿಂಗ್: ಕನ್ನಡದಲ್ಲೋ, ಇಂಗ್ಲಿಷ್‌ನಲ್ಲೋ

ಪದದ ಅರ್ಥವನ್ನು ಇಂಗ್ಲಿಷ್‌ನಲ್ಲೇ ಓದಬೇಕು, ಕನ್ನಡ ನೋಡಲೇಬಾರದು ಅಂತ ಕಟ್ಟಾಜ್ಞೆ ಮಾಡುವ ಮೇಷ್ಟ್ರುಗಳಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. 'ಫೆನ್ಯುಗ್ರೀಕ್' ಅಂದರೇನು ಅಂತ ಇಂಗ್ಲಿಷ್ ಡಿಕ್ಷನರಿ ನೋಡಿ. ಒಂದು ಜಾತಿಯ ಗಿಡ, ಅದರ ಬೀಜವನ್ನು ದಕ್ಷಿಣ ಏಷ್ಯಾದ ಅಡುಗೆಯಲ್ಲಿ ಬಳಸುತ್ತಾರೆ ಅಂತ ಎರಡು ಸಾಲು ಓದಿದ ಮೇಲೂ ಅದು ಯಾವ ಬೀಜ ಅಂತ ಗೊತ್ತಾಗುವುದಿಲ್ಲ. ಮೆಂತ್ಯ ಅಂದರೆ ಮುಗಿಯಿತು. ಗಿಡ, ಮೀನು, ಕಾಳು, ಕಾಯಿಲೆ, ಪಾತ್ರೆ, ನೆಂಟಸ್ತಿಕೆ, ಇಂಥವಕ್ಕೆಲ್ಲ ಕನ್ನಡವೇ ಬೇಗ, ಕನ್ನಡವೇ ಸ್ಪಷ್ಟ. ಮೀಸಲ್ಸ್ ಅಂದರೆ ದಡಾರ ಅಂತ ತಿಳಿದುಕೊಳ್ಳೋಕೆ ಇಂಗ್ಲಿಷ್ ವಿವರಣೆ ಸುಮ್ನೆ ಸುತ್ತು ದಾರಿ.

ಆದರೆ ಕಣ್ಣಿಗೆ ಕಾಣದ ಪದಗಳಲ್ಲಿ, ಅಂದರೆ ಕ್ರಿಯಾಪದ ಮತ್ತು ಭಾವದ ಪದಗಳಲ್ಲಿ, ಒಂದು ಕನ್ನಡ ಪದ ನೋಡಿ ನಿಲ್ಲಿಸಿದರೆ ಮೋಸ ಹೋಗುತ್ತೀರಿ. 'ಸ್ಯಾಂಕ್ಷನ್' ತಗೊಳ್ಳಿ. ಲೋನ್ ಸ್ಯಾಂಕ್ಷನ್ ಆಯ್ತು ಅಂತ ನಾವೆಲ್ಲ ಹೇಳುತ್ತೇವೆ, ಅಂದರೆ ಮಂಜೂರಾಯಿತು. ಅದೇ ಪತ್ರಿಕೆಯಲ್ಲಿ ಅಮೆರಿಕ ರಷ್ಯಾ ಮೇಲೆ ಸ್ಯಾಂಕ್ಷನ್ ಹಾಕಿತು ಅಂತ ಬಂದರೆ ಅದು ನಿರ್ಬಂಧ. ಒಂದು ಕಡೆ ಕೊಡೋದು, ಇನ್ನೊಂದು ಕಡೆ ತಡೆಯೋದು. 'ಅಪ್ರಿಶಿಯೇಟ್' ಅಂದರೆ ಮೆಚ್ಚುವುದು ಅಂತ ಕಲಿತವರಿಗೆ, ರೂಪಾಯಿ ಅಪ್ರಿಶಿಯೇಟ್ ಆಯಿತು ಅಂದಾಗ ಬೆಲೆ ಏರಿತು ಅಂತ ಹೊಳೆಯುವುದಿಲ್ಲ. ಮ್ಯಾನೇಜರ್ ಮೇಲ್‌ನಲ್ಲಿ 'ಐ ವುಡ್ ಅಪ್ರಿಶಿಯೇಟ್ ಇಟ್ ಇಫ್' ಅಂತ ಶುರು ಮಾಡಿದರೆ ಅದು ಹೊಗಳಿಕೆಯೂ ಅಲ್ಲ, ಸ್ವಲ್ಪ ಬಿಗಿಯಾಗಿ ಹೇಳಿದ ಕೆಲಸ.

ಇಂಥ ಪದಗಳಿಗೆ ಬೇಕಾಗಿರೋದು ಲರ್ನರ್ಸ್ ಡಿಕ್ಷನರಿ. ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಬರೆದ ದೊಡ್ಡ ಡಿಕ್ಷನರಿಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ದೊಡ್ಡದರಲ್ಲಿ ಒಂದು ಕಷ್ಟದ ಪದಕ್ಕೆ ಅರ್ಥ ನೋಡಿದರೆ ಅದರಲ್ಲಿ ಇನ್ನೂ ಮೂರು ಕಷ್ಟದ ಪದ ಸಿಗುತ್ತವೆ, ಅವನ್ನು ನೋಡೋಕೆ ಹೋದರೆ ಮತ್ತೆ ಐದು. ಲರ್ನರ್ಸ್ ಡಿಕ್ಷನರಿಯಲ್ಲಿ ವಿವರಣೆಯನ್ನೇ ಸುಲಭ ಪದಗಳಲ್ಲಿ ಬರೆದಿರುತ್ತಾರೆ. ಇದರಲ್ಲೂ ನಾಲ್ಕು ಹೆಸರು ಮುಖ್ಯ, ನಾಲ್ಕೂ ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡೋಕೆ ಸಿಗುತ್ತವೆ.

ಲಾಂಗ್‌ಮನ್ 1978ರಲ್ಲಿ ಮೊದಲು ಬಂದಾಗಲೇ ಸುಮಾರು 2,000 ಸಾಮಾನ್ಯ ಪದಗಳಲ್ಲೇ ಎಲ್ಲ ಅರ್ಥ ಬರೆಯುವ ಪದ್ಧತಿ ಇಟ್ಟುಕೊಂಡಿತ್ತು. ಆ 2,000 ಬಂದರೆ ಯಾವ ಪದದ ವಿವರಣೆಯನ್ನಾದರೂ ಓದಬಹುದು. ಪದ ಎಷ್ಟು ಬಳಕೆಯಲ್ಲಿದೆ ಅನ್ನೋದಕ್ಕೂ ಅದರಲ್ಲಿ ಗುರುತು ಇದೆ. ಎಸ್ 1 ಅಂದರೆ ಮಾತಿನಲ್ಲಿ ಅತಿ ಹೆಚ್ಚು ಬಳಸುವ 1,000 ಪದಗಳಲ್ಲಿ ಒಂದು, ಡಬ್ಲ್ಯೂ 1 ಅಂದರೆ ಬರಹದಲ್ಲಿ. ಜೊತೆಗೆ ಎಷ್ಟೋ ಪದಗಳ ಮೇಲ್ಗಡೆ ವರ್ಡ್ ಫ್ಯಾಮಿಲಿ ಅಂತಲೇ ಒಂದು ಸಾಲು ಇರುತ್ತದೆ. ನಾನು ಮೇಲೆ ಹೇಳಿದ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಒಂದನ್ನೇ ಆರಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಕಾಲಿನ್ಸ್ ಕೋಬಿಲ್ಡ್ 1987ರದ್ದು. ಇದರ ವಿಶೇಷ ಅಂದರೆ ಅರ್ಥವನ್ನು ಪೂರ್ತಿ ವಾಕ್ಯದಲ್ಲಿ ಹೇಳುತ್ತದೆ, ನೀವು ಒಬ್ಬರನ್ನು ಹೀಗೆ ಮಾಡಿದರೆ ಅದರರ್ಥ ಇಂಥದ್ದು ಅನ್ನುವ ಧಾಟಿಯಲ್ಲಿ. ಹಾಗಾಗಿ ಆ ಕ್ರಿಯಾಪದದ ಹಿಂದೆ ಮುಂದೆ ಏನು ಬರುತ್ತದೆ ಅನ್ನೋದು ಅರ್ಥ ಓದುವಾಗಲೇ ಗೊತ್ತಾಗುತ್ತದೆ. ವಾಕ್ಯ ಕಟ್ಟುವಾಗ ತಡವರಿಸುವವರಿಗೆ ಇದು ಒಳ್ಳೆಯದು.

ಆಕ್ಸ್‌ಫರ್ಡ್‌ನ ಅಡ್ವಾನ್ಸ್ಡ್ ಲರ್ನರ್ಸ್ ಎಲ್ಲಕ್ಕಿಂತ ಹಳೆಯದು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು ಮಾಡಿದ ಈ ಡಿಕ್ಷನರಿ 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಪ್ರಕಟಿಸಿತು. ಅಂದರೆ ಇಂಗ್ಲಿಷ್ ಮನೆಮಾತಲ್ಲದವರಿಗೋಸ್ಕರವೇ ಹುಟ್ಟಿದ್ದು. ಕೇಂಬ್ರಿಡ್ಜ್‌ನದ್ದು ಫೋನಿನಲ್ಲಿ ನೋಡೋಕೆ ಹಗುರ, ಪದದ ಪಕ್ಕ ಎ1ರಿಂದ (ತೀರಾ ಸುಲಭ) ಸಿ2ವರೆಗೆ (ತೀರಾ ಕಷ್ಟ) ಮಟ್ಟ ಹಾಕಿರುತ್ತಾರೆ. ಸಿ2 ಅಂತ ಇದ್ದರೆ ಸದ್ಯಕ್ಕೆ ಬಿಟ್ಟು ಮುಂದೆ ಹೋಗಬಹುದು. ಹಳೆಯ ಸಲಹೆಗಳಲ್ಲಿ ಮ್ಯಾಕ್‌ಮಿಲನ್ ಹೆಸರೂ ಇರುತ್ತದೆ, ಅದರ ಆನ್‌ಲೈನ್ ಡಿಕ್ಷನರಿ 2023ರಲ್ಲಿ ಮುಚ್ಚಿಹೋಯಿತು, ಹುಡುಕಬೇಡಿ.

ಯಾವುದೇ ತೆಗೆದರೂ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನು ಜಾಸ್ತಿ ಓದಿ. ನಾಮಪದದ ಪಕ್ಕ ಸಿ ಅಂತ ಇದೆಯೋ ಯು ಅಂತ ಇದೆಯೋ, ಅಥವಾ ಕೌಂಟಬಲ್, ಅನ್‌ಕೌಂಟಬಲ್ ಅಂತ ಪೂರ್ತಿ ಬರೆದಿದೆಯೋ ನೋಡಿ. ಅನ್‌ಕೌಂಟಬಲ್ ಅಂದರೆ ಎಣಿಸೋಕೆ ಬರದ ಪದ. ಫರ್ನಿಚರ್ಸ್, ಇನ್‌ಫರ್ಮೇಷನ್ಸ್, ಅಡ್ವೈಸಸ್, ಎಕ್ವಿಪ್‌ಮೆಂಟ್ಸ್ ಅಂತ ನಮ್ಮ ಕಡೆ ಧಾರಾಳವಾಗಿ ಬರೆಯುವ ತಪ್ಪುಗಳೆಲ್ಲ ಈ ಒಂದು ಗುರುತು ನೋಡದೇ ಆದವು.

ಇಂಗ್ಲಿಷ್‌ನಿಂದ ಕನ್ನಡಕ್ಕೆ ಬೇಕು ಅಂದರೆ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ಇನ್ನೂ ಗಟ್ಟಿ, ಆದರೆ ಅದರಲ್ಲಿ ಸಂಸ್ಕೃತದ ಪದಗಳು ಜಾಸ್ತಿ. ಕೆಲವು ಸಲ ಇಂಗ್ಲಿಷ್ ಪದಕ್ಕಿಂತ ಅದರ ಕನ್ನಡ ಅರ್ಥವೇ ಕಷ್ಟ ಅನ್ನಿಸುತ್ತದೆ. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿದ 'ಅಲರ್' ಆನ್‌ಲೈನ್‌ನಲ್ಲಿ ಉಚಿತ, ಒಂದೂವರೆ ಲಕ್ಷದಷ್ಟು ಪದಗಳಿವೆ. ಅದು ಕನ್ನಡದಿಂದ ಇಂಗ್ಲಿಷ್‌ಗೆ. ಕನ್ನಡದಲ್ಲಿ ಗೊತ್ತು, ಇಂಗ್ಲಿಷ್‌ನಲ್ಲಿ ಏನಂತಾರೆ ಅಂತ ತಲೆ ಕೆರೆದುಕೊಳ್ಳುವಾಗ ಅಲ್ಲಿ ಹೋಗಿ. ಅಲ್ಲಿ ಸಿಕ್ಕ ಇಂಗ್ಲಿಷ್ ಪದವನ್ನು ಲಾಂಗ್‌ಮನ್‌ನಲ್ಲೋ ಕೇಂಬ್ರಿಡ್ಜ್‌ನಲ್ಲೋ ಮತ್ತೊಮ್ಮೆ ನೋಡದೆ ವಾಕ್ಯದಲ್ಲಿ ಹಾಕಬೇಡಿ.

ಸಿನೋನಿಮ್ ಪಟ್ಟಿಯ ಮೇಲೆ ನನಗೆ ಯಾಕೆ ಅಷ್ಟು ನಂಬಿಕೆ ಇಲ್ಲ

'ಫೇಮಸ್'ಗೆ ಸಿನೋನಿಮ್: ರಿನೌನ್ಡ್, ಎಮಿನೆಂಟ್, ಸೆಲೆಬ್ರೇಟೆಡ್, ನಟೋರಿಯಸ್. ಹೀಗೆ ಒಂದೇ ಸಾಲಿನಲ್ಲಿ ಕೊಟ್ಟಿರುವ ಪಟ್ಟಿಗಳು ಎಷ್ಟು ಬೇಕಾದರೂ ಸಿಗುತ್ತವೆ. ಇದನ್ನು ಉರು ಹೊಡೆದವರು ಕಾಲೇಜು ದಿನಾಚರಣೆಯ ಸ್ವಾಗತ ಭಾಷಣದಲ್ಲಿ ಮುಖ್ಯ ಅತಿಥಿಗಳನ್ನು 'ನಟೋರಿಯಸ್' ಅಂತ ಕರೆದರೆ ಏನಾಗುತ್ತದೆ ಯೋಚಿಸಿ. ಅದು ಕುಖ್ಯಾತಿ! 'ಥಿನ್', 'ಸ್ಲಿಮ್', 'ಸ್ಕಿನ್ನಿ' ಮೂರೂ ತೆಳ್ಳಗೆ ಅನ್ನೋದೇ ಆದರೂ ಸ್ಲಿಮ್ ಅಂದರೆ ಖುಷಿಪಡುತ್ತಾರೆ, ಸ್ಕಿನ್ನಿ ಅಂದರೆ ಮುಖ ಊದಿಸುತ್ತಾರೆ. 'ಚೀಪ್' ಅಂದರೆ ಅಗ್ಗ, ಜೊತೆಗೆ ಕಳಪೆ ಅನ್ನುವ ವಾಸನೆಯೂ ಇದೆ. 'ಅಫರ್ಡಬಲ್' ಅಂದರೆ ಆ ವಾಸನೆ ಇಲ್ಲ. ಮನೆ ಮಾರುವವರು ಚೀಪ್ ಅನ್ನದೆ ಯಾವಾಗಲೂ ಅಫರ್ಡಬಲ್ ಅನ್ನುವುದು ಅದಕ್ಕೇ.

ಅರ್ಥ ಒಂದೇ ಆದರೂ ಜೋಡಿ ಬೇರೆ ಇರುತ್ತದೆ. ಸ್ಟ್ರಾಂಗ್ ಕಾಫಿ ಅನ್ನುತ್ತೇವೆ, ಪವರ್‌ಫುಲ್ ಕಾಫಿ ಅನ್ನುವುದಿಲ್ಲ. ಹೆವಿ ರೇನ್ ಸರಿ, ಸ್ಟ್ರಾಂಗ್ ರೇನ್ ಅಷ್ಟಾಗಿ ಹೊಂದುವುದಿಲ್ಲ. ಬಿಗ್ ಮಿಸ್ಟೇಕ್ ಇದೆ, ಲಾರ್ಜ್ ಮಿಸ್ಟೇಕ್ ಕಿವಿಗೆ ಒಗ್ಗುವುದಿಲ್ಲ. ಪಟ್ಟಿ ಇದನ್ನೆಲ್ಲ ಹೇಳುವುದಿಲ್ಲ, ಹೇಳೋಕೆ ಅದರಲ್ಲಿ ಜಾಗವೂ ಇಲ್ಲ.

ನೆನಪಿನ ಲೆಕ್ಕದಲ್ಲೂ ಪಟ್ಟಿ ಎಡವಟ್ಟೇ. ಅರ್ಥದಲ್ಲಿ ಹತ್ತಿರ ಇರುವ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಒಂದಕ್ಕೊಂದು ಗೋಜಲಾಗಿ ಕಲಿಕೆ ನಿಧಾನವಾಗುತ್ತದೆ ಅಂತ ಥಾಮಸ್ ಟಿಂಕಮ್ 1993ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಐದೂ ಪದ ಒಂದೇ ದಿನ ಹೊಸದಾಗಿ ಬಂದರೆ ಯಾವುದು ಯಾವುದಕ್ಕೆ ಅನ್ನೋದೇ ಕಲಸಿಹೋಗುತ್ತದೆ. ಒಂದು ಪದ ಚೆನ್ನಾಗಿ ಕೂತ ಮೇಲೆ, ಅದರ ಹತ್ತಿರದ ಇನ್ನೊಂದನ್ನು ಕೆಲವು ವಾರ ಬಿಟ್ಟು ತಂದರೆ ಈ ಕಾಟ ಇರುವುದಿಲ್ಲ.

ಇನ್ನು ಥಿಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳನ್ನು ಗುಂಪು ಮಾಡಿಟ್ಟ ಪುಸ್ತಕ. ವೈದ್ಯರಾಗಿದ್ದ ಪೀಟರ್ ಮಾರ್ಕ್ ರೋಜೆ 1852ರಲ್ಲಿ ಇದನ್ನು ಹೊರತಂದಾಗ ಪದಗಳನ್ನು ಅಕ್ಷರದ ಕ್ರಮದಲ್ಲಿ ಇಡದೆ 1,000 ವಿಷಯಗಳ ಕೆಳಗೆ ಗುಂಪು ಮಾಡಿದ್ದರು. ಅರ್ಥ ಮಾತ್ರ ಕೊಡಲಿಲ್ಲ. ಯಾಕೆಂದರೆ ಅದು ಪದ ಕಲಿಯುವವರಿಗೆ ಮಾಡಿದ್ದೇ ಅಲ್ಲ. ಪದ ಗೊತ್ತಿದ್ದು, ಬರೆಯುವ ಹೊತ್ತಿಗೆ ನಾಲಿಗೆ ತುದಿಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ನೆನಪಿಸೋಕೆ ಮಾಡಿದ್ದು. ಅದನ್ನು ಹೊಸಬರ ಕೈಗೆ ಕೊಟ್ಟರೆ 'ಬೈ' ಅನ್ನೋ ಕಡೆ 'ಪರ್ಚೇಸ್', 'ಸ್ಟಾರ್ಟ್' ಅನ್ನೋ ಕಡೆ 'ಕಮೆನ್ಸ್' ಹಾಕಿ, ಬಾಳೆಹಣ್ಣು ಪರ್ಚೇಸ್ ಮಾಡಿದೆ ಅನ್ನುವ ವಾಕ್ಯ ತಯಾರಾಗುತ್ತದೆ.

ಸಿನೋನಿಮ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಗೊತ್ತಿರುವ ಎರಡು ಪದಗಳ ನಡುವಿನ ವ್ಯತ್ಯಾಸ ಕಲಿಯೋದು ತುಂಬಾ ಲಾಭದ ಕೆಲಸ. ಲಾಂಗ್‌ಮನ್ ಮತ್ತು ಆಕ್ಸ್‌ಫರ್ಡ್ ಎರಡರಲ್ಲೂ ಕೆಲವು ಪದಗಳ ಕೆಳಗೆ ಚೌಕ ಹಾಕಿ ಈ ವ್ಯತ್ಯಾಸಗಳನ್ನೇ ಬಿಡಿಸಿ ಹೇಳಿರುತ್ತಾರೆ, ಅದನ್ನು ಓದಿ. ಎಐ ಚಾಟ್‌ಬಾಟ್ ಬಳಸುವವರಾದರೆ ಹತ್ತು ಸಿನೋನಿಮ್ ಕೊಡು ಅಂತ ಕೇಳುವ ಬದಲು ಈ ಎರಡು ಪದ ಎಲ್ಲಿ ಅದಲುಬದಲಾಗುವುದಿಲ್ಲ, ವಾಕ್ಯ ಕೊಡು ಅಂತ ಕೇಳಿ, ಬಂದ ಉತ್ತರವನ್ನು ಡಿಕ್ಷನರಿಯ ಜೊತೆ ಒಮ್ಮೆ ತಾಳೆ ನೋಡಿ.

ಕಲಿತದ್ದು ಉಳಿಯಬೇಕಲ್ಲ

ಯಾವ ದಾರಿ ಹಿಡಿದರೂ ಪದ ಮರೆತುಹೋಗುವುದು ಗ್ಯಾರಂಟಿ. ಒಂದು ದಿನ ಕೂತು ಐವತ್ತು ಸಲ ಓದುವುದಕ್ಕಿಂತ ದಿನ ಬಿಟ್ಟು ದಿನ ನೆನಪಿಸಿಕೊಳ್ಳುವುದು ಮೇಲು. ಇದಕ್ಕೆ ಆಂಕಿ ಅನ್ನುವ ಆ್ಯಪ್ ಇದೆ, ಆಂಡ್ರಾಯ್ಡ್‌ನಲ್ಲೂ ಕಂಪ್ಯೂಟರ್‌ನಲ್ಲೂ ಉಚಿತ, ಐಫೋನ್‌ನಲ್ಲಿ ಮಾತ್ರ ದುಡ್ಡು ಕೊಡಬೇಕು. ಫೋನ್ ತೆಗೆದರೆ ರೀಲ್ಸ್ ಕಡೆ ಬೆರಳು ಹೋಗುತ್ತದೆ ಅನ್ನುವವರಿಗೆ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿದ ಪೆಟ್ಟಿಗೆ ವಿಧಾನ ಸಾಕು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿ ಚೀಟಿ ಮಾಡಿ. ಮೂರ್ನಾಲ್ಕು ಖಾನೆ ಇಟ್ಟುಕೊಳ್ಳಿ. ಉತ್ತರ ಸರಿ ಬಂದ ಚೀಟಿ ಮುಂದಿನ ಖಾನೆಗೆ, ತಪ್ಪಾದದ್ದು ಮತ್ತೆ ಮೊದಲನೆಯದಕ್ಕೆ. ಮೊದಲನೇ ಖಾನೆ ದಿನಾ ನೋಡಿ, ಮುಂದಿನವನ್ನು ಅಪರೂಪಕ್ಕೆ.

ಚೀಟಿಯಲ್ಲಿ ಏನು ಬರೆಯುತ್ತೀರಿ ಅನ್ನೋದು ಇನ್ನೂ ಮುಖ್ಯ. ಒಂದು ಕಡೆ ಪದ, ಹಿಂದೆ ಅರ್ಥ ಅಂತ ಬರೆದರೆ ಪದ ನೋಡಿದಾಗ ಗುರುತು ಸಿಗುತ್ತದೆ, ಅಷ್ಟೇ. ಮಾತಾಡುವಾಗ ಬಾಯಿಗೆ ಬರುವುದಿಲ್ಲ. ಅದರ ಬದಲು ಖಾಲಿ ಜಾಗ ಬಿಟ್ಟ ವಾಕ್ಯ ಬರೆದು, ಆವರಣದಲ್ಲಿ ಮೂಲ ಪದ ಕೊಟ್ಟು, ಸರಿಯಾದ ರೂಪ ನೀವೇ ತುಂಬುವ ಹಾಗೆ ಮಾಡಿ.

ಯಾರಿಗೆ ಏನು

ಕೇಂದ್ರ ಸರ್ಕಾರದ ಕೆಲಸಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್, ಸಿಎಚ್‌ಎಸ್‌ಎಲ್ ಪರೀಕ್ಷೆ ಬರೆಯುವವರು ನಾನು ಮೇಲೆ ಹೇಳಿದ ಕ್ರಮಕ್ಕೆ ಅಪವಾದ. ಸಿಜಿಎಲ್ ಟಿಯರ್ 1ರಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆ, 50 ಅಂಕ. ಅದರಲ್ಲಿ ಸಿನೋನಿಮ್, ಆಂಟೋನಿಮ್ (ವಿರುದ್ಧ ಪದ), ಇಡಿಯಮ್ (ನುಡಿಗಟ್ಟು), ಒನ್ ವರ್ಡ್ ಸಬ್‌ಸ್ಟಿಟ್ಯೂಷನ್ ನೇರವಾಗಿಯೇ ಕೇಳುತ್ತಾರೆ. ಇಲ್ಲಿ ಪಟ್ಟಿ ಉರು ಹೊಡೆದರೆ ಅಂಕ ಬರುತ್ತದೆ, ಸುಳ್ಳು ಹೇಳಬಾರದು. ಆದರೆ ಅಂಗಡಿಯ ದಪ್ಪ ಪಟ್ಟಿ ಬಿಟ್ಟು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಲ್ಲಿ ಬಂದ ಪದಗಳನ್ನೇ ತೆಗೆದುಕೊಳ್ಳಿ. ಒನ್ ವರ್ಡ್ ಸಬ್‌ಸ್ಟಿಟ್ಯೂಷನ್ ಅಂದರೆ ಡಿಕ್ಷನರಿಯನ್ನು ಹಿಂದಿನಿಂದ ಓದುವುದು, ಅರ್ಥ ಕೊಟ್ಟಿರುತ್ತಾರೆ, ಪದ ನೀವು ಹೇಳಬೇಕು. ಹಾಗಾಗಿ ಚೀಟಿಯನ್ನೂ ಅದೇ ದಿಕ್ಕಿನಲ್ಲಿ ಬರೆಯಿರಿ.

ಬ್ಯಾಂಕ್ ಪರೀಕ್ಷೆಗಳ ಕಥೆ ಬೇರೆ. ಅಲ್ಲಿ ಕ್ಲೋಜ್ ಟೆಸ್ಟ್ (ಒಂದು ಪ್ಯಾರಾದ ನಡುನಡುವೆ ಬಿಟ್ಟ ಪದ ತುಂಬುವುದು), ಖಾಲಿ ಜಾಗ, ತಪ್ಪು ಹುಡುಕುವುದು, ಪದ ಅದಲುಬದಲು ಮಾಡುವುದು ಇವೇ ಜಾಸ್ತಿ. ಅಲ್ಲಿ ವರ್ಡ್ ಫಾರ್ಮ್ ಗೊತ್ತಿದ್ದವರು ಅರ್ಥ ಪೂರ್ತಿ ಗೊತ್ತಿಲ್ಲದೆಯೂ ಪಾರಾಗುತ್ತಾರೆ.

ವಿದೇಶಕ್ಕೆ ಹೋಗೋಕೆ ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಹೋಗುವವರು ಸಿನೋನಿಮ್ ಪಟ್ಟಿಯನ್ನು ದೂರ ಇಡಿ. ರೈಟಿಂಗ್‌ನಲ್ಲಿ ನಾಲ್ಕು ಮಾನದಂಡಗಳಿವೆ, ಅದರಲ್ಲಿ ಪದಸಂಪತ್ತು ಒಂದು, ಅಂದರೆ ಅಂಕದ ಕಾಲು ಭಾಗ. ಅದರ ವಿವರಣೆಯಲ್ಲಿ ವರ್ಡ್ ಫಾರ್ಮೇಷನ್ ತಪ್ಪುಗಳ ಹೆಸರು ಹಿಡಿದೇ ಹೇಳಿದ್ದಾರೆ. ದೊಡ್ಡ ಪದ ತಪ್ಪಾಗಿ ಹಾಕುವುದಕ್ಕಿಂತ ಸಾಮಾನ್ಯ ಪದದ ಸರಿಯಾದ ರೂಪ ಹಾಕಿದವರಿಗೇ ಅಂಕ. ವಿದೇಶದಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಪ್ರವೇಶಕ್ಕೆ ಜಿಆರ್‌ಇ ಬರೆಯುವವರಿಗೆ ಮಾತ್ರ ಸಿನೋನಿಮ್ ತಪ್ಪಿದ್ದಲ್ಲ. ಅದರ ಸೆಂಟೆನ್ಸ್ ಈಕ್ವಿವಲೆನ್ಸ್ ಅನ್ನುವ ಪ್ರಶ್ನೆಗಳಲ್ಲಿ ಆರು ಆಯ್ಕೆಗಳಿಂದ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕು, ಎರಡೂ ಸರಿ ಇದ್ದರಷ್ಟೇ ಅಂಕ. ವಾಕ್ಯಕ್ಕೆ ಹೊಂದದ ಸಿನೋನಿಮ್ ಜೋಡಿಯನ್ನೂ ಬಲೆಯಾಗಿ ಇಟ್ಟಿರುತ್ತಾರೆ, ಪಟ್ಟಿ ಮಾತ್ರ ಓದಿದವರು ಬೀಳುವುದು ಅಲ್ಲೇ.

ಕನ್ನಡ ಮೀಡಿಯಂನಿಂದ ಈಗಷ್ಟೇ ಪಿಯುಗೋ ಡಿಗ್ರಿಗೋ ಬಂದವರು ಅರ್ಥವನ್ನು ಕನ್ನಡದಲ್ಲೇ ನೋಡಿ, ನಾಚಿಕೆ ಬೇಡ. ಸಬ್ಜೆಕ್ಟ್‌ನ ಪದಗಳಿಂದ ಶುರು ಮಾಡಿ, ಅನಲೈಜ್, ಅನಾಲಿಸಿಸ್, ಅನಲಿಟಿಕಲ್ ಅಂತ ಕುಟುಂಬ ಸಮೇತ.

ಆಫೀಸಿನಲ್ಲಿ ಮೇಲ್ ಬರೆಯೋಕೆ ಒದ್ದಾಡುವವರಿಗೆ ಪುಸ್ತಕವೇ ಬೇಡ. ನೀವು ಕಳೆದ ತಿಂಗಳು ಕಳಿಸಿದ ಮೇಲ್‌ಗಳನ್ನು ತೆಗೆಯಿರಿ. 'ಇಶ್ಯೂ', 'ಗುಡ್', 'ವೆರಿ', 'ಡೂ ದ ನೀಡ್‌ಫುಲ್' ಎಷ್ಟು ಸಲ ಬಂದಿದೆ ನೋಡಿ. ಪ್ರತಿ 'ಇಶ್ಯೂ'ಗೂ ಅಲ್ಲಿ ನಿಜವಾಗಿ ಏನಾಗಿತ್ತು ಕೇಳಿಕೊಳ್ಳಿ: ಡಿಲೇನಾ, ಎರರ್ರಾ, ಕಂಪ್ಲೇಂಟಾ, ಶಾರ್ಟೇಜಾ? ಆ ಪದ ಹಾಕಿ ವಾಕ್ಯ ತಿರುಗಿ ಬರೆಯಿರಿ. 'ಪ್ಲೀಸ್ ಡೂ ದ ನೀಡ್‌ಫುಲ್' ಇದ್ದ ಕಡೆ ಯಾರು, ಏನು, ಯಾವಾಗ ಮಾಡಬೇಕು ಅನ್ನೋದನ್ನು ನೇರವಾಗಿ ಬರೆದರೆ ಬರುವ ಉತ್ತರವೂ ಬೇಗ ಬರುತ್ತದೆ.